ಗಾಳಿಯಲ್ಲಿ ನುಡಿಸುವ ಪೇಟಿ: ಕೈಸನ್ನೆಗೆ ಓಗೊಡುವ ಸಾಫ್ಟ್‌ವೇರ್ ವಾದ್ಯವನ್ನು ಕಟ್ಟುವ ಬಗೆ

ನಾನು ಕಟ್ಟಿದ ಮೊದಲ ಸನ್ನೆವಾದ್ಯ ಸುಮ್ಮನಾಗುತ್ತಲೇ ಇರಲಿಲ್ಲ. ಕ್ಯಾಮೆರಾದ ಮುಂದೆ ಕೈ ಎತ್ತಿದರೆ ಸ್ವರ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು, ಕೈ ತೆಗೆದರೆ ಕೊನೆಯ ಸ್ವರದಲ್ಲಿಯೇ ನಿಂತು ಕಿವಿ ಕೊರೆಯುತ್ತಿತ್ತು. ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಮೊದಲು ಕೇಳಿದವರು ನನ್ನ ಸೋದರಮಾವ. ಹಳ್ಳಿ ನಾಟಕಗಳಿಗೂ ಬಯಲಾಟಗಳಿಗೂ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಲೇ ವಯಸ್ಸಾದವರು. ಐದು ನಿಮಿಷ ಸುಮ್ಮನೆ ಕೇಳಿ, "ಅಳಿಯಾ, ಇದನ್ನು ನಿಲ್ಲಿಸುವುದು ಹೇಗೆ?" ಎಂದರು. ಸ್ಪೇಸ್ ಬಾರ್ ಒತ್ತಬೇಕು ಎಂದೆ. ಅವರು ಮೂಲೆಯಲ್ಲಿದ್ದ ತಮ್ಮ ಪೇಟಿಯನ್ನು ಎಳೆದುಕೊಂಡು, ತಿದಿಯನ್ನು ಎರಡು ಸಲ ಒತ್ತಿ, ಸಾ ಹಿಡಿದು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವರ ಸ್ವಲ್ಪ ಹೊತ್ತು ತುಂಬಿಕೊಂಡೇ ಇತ್ತು, ಆಮೇಲೆ ತೆಳುವಾಯಿತು, ಕೊನೆಗೆ ರೀಡ್ ಸಣ್ಣಗೆ ನಡುಗಿ ನಿಂತುಹೋಯಿತು. "ನಿಲ್ಲುವುದೂ ನುಡಿಸುವುದರೊಳಗೇ ಇರಬೇಕು" ಎಂದರು.

ಈ ಮಾರ್ಗದರ್ಶಿಯ ಪ್ರತಿಯೊಂದು ಹಂತವೂ ಆ ಮಾತಿನಿಂದ ಹೊರಟಿದೆ. ಕೈಸನ್ನೆಯ ವಾದ್ಯವನ್ನು ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಯಾವ ಬೆರಳು ಯಾವ ಸ್ವರಕ್ಕೆ ಎಂಬಲ್ಲಿಂದ ಶುರು ಮಾಡುತ್ತಾರೆ. ನೀವು ಮೌನದಿಂದ ಶುರು ಮಾಡಿ. ಮುಟ್ಟಿ ನುಡಿಸುವ ವಾದ್ಯದಲ್ಲಿ ಕೈ ತೆಗೆದರೆ ಮೌನ ತಾನಾಗಿಯೇ ಬರುತ್ತದೆ. ಗಾಳಿಯಲ್ಲಿ ಆಡುವ ಕೈ ಯಾವಾಗಲೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಕ್ಯಾಮೆರಾ ಅದನ್ನು ನೋಡುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಮೌನವನ್ನೂ ನಾವೇ ಕಟ್ಟಬೇಕು. ಲೆವ್ ತೆರ್ಮೆನ್ 1920ರ ಹೊತ್ತಿಗೆ ರೂಪಿಸಿದ, ಮುಟ್ಟದೆ ನುಡಿಸುವ ಥೆರಮಿನ್ ವಾದ್ಯದಲ್ಲಿಯೂ ಒಂದು ಕೈ ಪೂರ್ತಿಯಾಗಿ ಧ್ವನಿಯ ಏರಿಳಿತಕ್ಕೇ ಮೀಸಲು: ನೆಟ್ಟನೆಯ ಆಂಟೆನಾದ ಬಳಿ ಬಲಗೈ ಸ್ವರವನ್ನು ಹುಡುಕುತ್ತದೆ, ಬಳೆಯಂತಹ ಆಂಟೆನಾದ ಬಳಿಗೆ ಎಡಗೈ ತಂದರೆ ದನಿ ಅಡಗುತ್ತದೆ.

ಬೇಕಾದ ಸಾಮಾನು

ಸಾಧಾರಣ ಲ್ಯಾಪ್‌ಟಾಪ್, ವೆಬ್‌ಕ್ಯಾಮೆರಾ, ವೈರ್ ಇರುವ ಹೆಡ್‌ಫೋನ್ ಅಥವಾ ಸ್ಪೀಕರ್. ಬ್ಲೂಟೂತ್ ಬೇಡವೇ ಬೇಡ. ಅದು ಸೇರಿಸುವ ತಡ ಸುಲಭವಾಗಿ 100 ಮಿಲಿಸೆಕೆಂಡ್ ದಾಟುತ್ತದೆ, ಆಮೇಲೆ ನೀವು ಪ್ರೋಗ್ರಾಮಿನಲ್ಲಿ ಏನೇ ತಿದ್ದಿದರೂ ಪ್ರಯೋಜನವಿಲ್ಲ. ತಂತ್ರಾಂಶಗಳೆಲ್ಲ ಉಚಿತವಾದವು: ನಾದಕ್ಕೆ, ತೆರೆಯ ಮೇಲೆ ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ದನಿ ಕಟ್ಟುವ ಪ್ಯೂರ್ ಡೇಟಾ, ಕೈಯನ್ನು ಗುರುತಿಸಲು ಪೈಥಾನ್ ಜೊತೆಗೆ ಗೂಗಲ್‌ನ ಮೀಡಿಯಾಪೈಪ್, ಧ್ವನಿಮುದ್ರಣವನ್ನು ಅಳೆಯಲು ಆಡಾಸಿಟಿ. ಮುಂದೆ ಕಾಲಿನ ಸೆನ್ಸರ್ ಸೇರಿಸುವಾಗ ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಎಂಪಿಯು-6050 ಎಂಬ ಚಲನೆಯ ಸೆನ್ಸರ್ ಬೇಕಾಗುತ್ತವೆ. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ.

ಮೊದಲ ಹಂತ: ಕೆಲಸವನ್ನು ಕೈಗಳಿಗೆ ಹಂಚುವುದು

ಕಂಪ್ಯೂಟರ್ ತೆರೆಯುವ ಮೊದಲು ಒಂದು ಪೇಟಿಯ ಮುಂದೆ ಕುಳಿತುಕೊಳ್ಳಿ. ಎಡಗೈ ತಿದಿಗೆ, ಬಲಗೈ ಕೀಗಳಿಗೆ. ಒಂದು ಶಕ್ತಿಯನ್ನು ಕೊಡುತ್ತದೆ, ಇನ್ನೊಂದು ಸ್ವರವನ್ನು ಆರಿಸುತ್ತದೆ. ಕೀ ಒತ್ತಿದರೂ ಗಾಳಿಯಿಲ್ಲದಿದ್ದರೆ ದನಿಯಿಲ್ಲ, ಗಾಳಿಯಿದ್ದರೂ ಕೀ ಒತ್ತದಿದ್ದರೆ ದನಿಯಿಲ್ಲ. ಎರಡರ ಒಪ್ಪಿಗೆಯಿಂದ ಮಾತ್ರ ನಾದ ಹುಟ್ಟುತ್ತದೆ. ಪಿಟೀಲಿನಲ್ಲಿ ಕಮಾನೂ ಬೆರಳೂ ಮಾಡುವುದು ಇದೇ ಹಂಚಿಕೆಯನ್ನು. ಕೊಳಲಿನಲ್ಲಿ ಶಕ್ತಿ ಬಾಯಿಂದ, ಆಯ್ಕೆ ಬೆರಳಿನಿಂದ.

ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಳ್ಳಿ. ಶಕ್ತಿ ಎಲ್ಲಿಂದ ಬರುತ್ತದೆ? ಸ್ವರವನ್ನು ಯಾವುದು ಆರಿಸುತ್ತದೆ? ದನಿಯ ಬಣ್ಣವನ್ನು ಯಾವುದು ಬದಲಿಸುತ್ತದೆ? ಮೊದಲ ಸಾಲು ಖಾಲಿಯಿದ್ದರೆ ನಿಮ್ಮ ವಾದ್ಯವೂ ನನ್ನ ಮೊದಲ ವಾದ್ಯದಂತೆ ನಿಲ್ಲದೆ ಕೂಗುತ್ತದೆ. ಶಕ್ತಿ ಯಾವಾಗಲೂ ಚಲನೆಯಿಂದ ಬರಲಿ, ಕೈ ಇರುವ ಸ್ಥಾನದಿಂದಲ್ಲ. ಸ್ಥಾನ ಸುಮ್ಮನಿದ್ದರೂ ಇರುತ್ತದೆ; ಚಲನೆಗೆ ದೇಹ ದುಡಿಯಬೇಕು. ಆ ದುಡಿಮೆ ಕೇಳುವವರಿಗೂ ಕಾಣುತ್ತದೆ. ನಮ್ಮ ಭಾಗದ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೆಯ ಹಿಂದಿನ ಕೈ ಕಾಣದಿದ್ದರೂ ಕಡ್ಡಿಯ ಒಂದು ತಿರುವಿಗೆ ಗೊಂಬೆಯ ತೋಳು ಏಳುತ್ತದೆ, ಕಾರಣಕ್ಕೂ ಪರಿಣಾಮಕ್ಕೂ ನಡುವೆ ಸಂಶಯವೇ ಇರುವುದಿಲ್ಲ. ನಿಮ್ಮ ಸನ್ನೆಗೂ ನಾದಕ್ಕೂ ಅಷ್ಟೇ ಗಟ್ಟಿಯಾದ ನಂಟು ಇರಬೇಕು.

ಎರಡನೆಯ ಹಂತ: ನಾದ ಮೊದಲು, ಸನ್ನೆ ಆಮೇಲೆ

ಅರ್ಧ ಗಂಟೆ ಕೇಳಲಾಗದ ದನಿಗೆ ಎಷ್ಟು ಚೆಂದದ ಸನ್ನೆ ಜೋಡಿಸಿದರೂ ಅದು ವಾದ್ಯವಾಗುವುದಿಲ್ಲ. ಪ್ಯೂರ್ ಡೇಟಾದಲ್ಲಿ ಎರಡು ಗರಗಸದ ಅಲೆಗಳನ್ನು ತೆಗೆದುಕೊಳ್ಳಿ. ಅದಕ್ಕೆ ಅಲ್ಲಿ ಫೇಸರ್ ಎಂಬ ಪೆಟ್ಟಿಗೆ ಇದೆ. ಎರಡರ ನಡುವೆ 3ರಿಂದ 5 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ವ್ಯತ್ಯಾಸ ಇಡಿ. ಎರಡು ಸಾಲು ರೀಡ್ ಇರುವ ಪೇಟಿಯ ತುಂಬುದನಿ ಹುಟ್ಟುವುದು ಇಂಥದೇ ಸಣ್ಣ ಅಂತರದಿಂದ. ಅವೆರಡನ್ನೂ ಕೂಡಿಸಿ, ಹೆಚ್ಚಿನ ಆವರ್ತನಗಳನ್ನು ಕಡಿಮೆ ಮಾಡುವ ಲೋ-ಪಾಸ್ ಫಿಲ್ಟರ್ ಮೂಲಕ ಹಾಯಿಸಿ.

ಸಾ ಎಲ್ಲಿರಬೇಕೆಂದು ನಿರ್ಧರಿಸಿ. ಕಪ್ಪು ಒಂದರ ಶ್ರುತಿಯಾದರೆ ಮಧ್ಯ ಸಾ 138.6 ಹರ್ಟ್ಜ್ ಎಂದಿಟ್ಟುಕೊಳ್ಳಬಹುದು. ಬೇರೆ ಎಲ್ಲ ಸ್ವರಗಳನ್ನೂ ಸಾ ಇಂದ ಎಷ್ಟು ಸೆಂಟ್ ದೂರ ಎಂದೇ ಲೆಕ್ಕ ಹಾಕಿ. ಒಂದು ಸಪ್ತಕಕ್ಕೆ 1200 ಸೆಂಟ್. ಸೆಂಟನ್ನು 1200ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು 2ರ ಘಾತವಾಗಿಸಿ, ಸಾ ಆವರ್ತನದಿಂದ ಗುಣಿಸಿದರೆ ಬೇಕಾದ ಆವರ್ತನ ಸಿಗುತ್ತದೆ. ಪಂಚಮ 702 ಸೆಂಟ್. ಲೆಕ್ಕ ಹಾಕಿದರೆ 207.9 ಹರ್ಟ್ಜ್ ಬರುತ್ತದೆ, ಅಂದರೆ ಸಾ ದ ಒಂದೂವರೆ ಪಟ್ಟು. ಈ ಲೆಕ್ಕವನ್ನು ಬಿಟ್ಟು ಕೈಯ ಎತ್ತರವನ್ನು ನೇರವಾಗಿ ಹರ್ಟ್ಜ್‌ಗೆ ಜೋಡಿಸಿದರೆ ಕೆಳಗಿನ ಸ್ವರಗಳು ಒಂದರ ಮೇಲೊಂದು ಕಿಕ್ಕಿರಿದು, ಮೇಲಿನವು ದೂರದೂರ ಹೋಗುತ್ತವೆ.

ಈ ಹಂತದಲ್ಲಿ ಸ್ವರ, ಗಾಳಿಯ ಒತ್ತಡ, ಬಣ್ಣ ಎಂದು ಮೂರು ಸ್ಲೈಡರ್ ಮಾಡಿ ಮೌಸಿನಿಂದ ಎಳೆದು ನೋಡಿ. ಒತ್ತಡದ ಸ್ಲೈಡರ್ ಬರೀ ಸದ್ದನ್ನು ಏರಿಸದಿರಲಿ. ನಿಜವಾದ ಪೇಟಿಯಲ್ಲಿ ತಿದಿಯನ್ನು ಜೋರಾಗಿ ಒತ್ತಿದರೆ ದನಿ ದೊಡ್ಡದಾಗುವುದರ ಜೊತೆಗೆ ಹರಿತವೂ ಆಗುತ್ತದೆ. ಆದ್ದರಿಂದ ಒತ್ತಡ ಹೆಚ್ಚಿದಂತೆ ಫಿಲ್ಟರಿನ ಬಾಗಿಲು ತೆರೆಯುತ್ತಾ ಹೋಗಲಿ. ಹೀಗೆ ಒಂದು ಚಲನೆ ಹಲವು ಗುಣಗಳನ್ನು ಒಟ್ಟಿಗೆ ಅಲುಗಿಸಿದಾಗ ನುಡಿಸುವವರಿಗೆ ವಾದ್ಯದ ಮೇಲೆ ಆಸಕ್ತಿ ಉಳಿಯುತ್ತದೆ. ಆಂಡಿ ಹಂಟ್, ಮಾರ್ಸೆಲೊ ವಾಂಡರ್ಲಿ ಮೊದಲಾದ ಸಂಶೋಧಕರು ಇದನ್ನು ಪ್ರಯೋಗಗಳಿಂದಲೇ ತೋರಿಸಿದ್ದಾರೆ. ಒಂದು ಸ್ಲೈಡರಿಗೆ ಒಂದೇ ಗುಣ ಎಂಬ ಜೋಡಣೆಯನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು, ಹನ್ನೊಂದನೆಯ ನಿಮಿಷಕ್ಕೆ ಬೇಸರ ಬರುತ್ತದೆ.

ಮೂರನೆಯ ಹಂತ: ಕೈಯನ್ನು ಅಂಕಿಗಳಾಗಿಸುವುದು

ಮೀಡಿಯಾಪೈಪ್ ಒಂದು ಕೈಯ ಚಿತ್ರದಿಂದ 21 ಬಿಂದುಗಳನ್ನು ಕೊಡುತ್ತದೆ. ಮಣಿಕಟ್ಟು 0, ಹೆಬ್ಬೆರಳ ತುದಿ 4, ತೋರುಬೆರಳ ತುದಿ 8, ನಡುಬೆರಳ ಬುಡ 9. ನಮಗೆ ಈ ನಾಲ್ಕೇ ಸಾಕು. ಬಿಂದುಗಳ ಅಳತೆ ಚಿತ್ರದ ಅಗಲ ಎತ್ತರಗಳಿಗೆ ಹೋಲಿಸಿ 0ಯಿಂದ 1ರವರೆಗೆ ಇರುತ್ತದೆ. ಎತ್ತರದ ಅಳತೆ ಮೇಲಿನಿಂದ ಕೆಳಕ್ಕೆ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ. 1ರಿಂದ ಕಳೆದು ತಿರುಗಿಸಿಕೊಳ್ಳಿ. ಚಿತ್ರವನ್ನು ಕನ್ನಡಿಯಂತೆ ಎಡಬಲ ಮಾಡಿಯೇ ಕೊಡಿ. ಇಲ್ಲದಿದ್ದರೆ ತೆರೆಯ ಮೇಲೆ ಕೈ ಎದುರು ದಿಕ್ಕಿಗೆ ಸರಿದು ನುಡಿಸುವವರು ತಬ್ಬಿಬ್ಬಾಗುತ್ತಾರೆ.

ಚಿತ್ರದ ಗಾತ್ರ 640 × 480 ಸಾಕು. ದೊಡ್ಡ ಚಿತ್ರದಿಂದ ತಡ ಹೆಚ್ಚುತ್ತದೆಯೇ ಹೊರತು ನಿಖರತೆ ಅಷ್ಟಾಗಿ ಹೆಚ್ಚುವುದಿಲ್ಲ.

ಸ್ವರದ ಎತ್ತರಕ್ಕೆ ಬೆರಳ ತುದಿಯನ್ನು ಬಳಸಬೇಡಿ, ನಡುಬೆರಳ ಬುಡವನ್ನು ಬಳಸಿ. ಬೆರಳು ಮಡಚಿದರೂ ಬಿಚ್ಚಿದರೂ ಆ ಬಿಂದು ಹೆಚ್ಚು ಕದಲುವುದಿಲ್ಲ. ಕೀ ಒತ್ತುವ ಕೆಲಸಕ್ಕೆ ಚಿಟಿಕೆಯನ್ನು ಬಳಸೋಣ: 4 ಮತ್ತು 8ರ ನಡುವಿನ ದೂರವನ್ನು 0 ಮತ್ತು 9ರ ನಡುವಿನ ದೂರದಿಂದ ಭಾಗಿಸಿ. ಹೀಗೆ ಅಂಗೈಯ ಗಾತ್ರಕ್ಕೆ ಹೋಲಿಸಿದರೆ ಕೈ ಕ್ಯಾಮೆರಾದ ಹತ್ತಿರವಿರಲಿ ದೂರವಿರಲಿ, ಮಗುವಿನ ಕೈಯಾಗಲಿ ದೊಡ್ಡವರ ಕೈಯಾಗಲಿ, ಅಂಕಿ ಹೆಚ್ಚುಕಡಿಮೆ ಒಂದೇ ಬರುತ್ತದೆ. ಅಂಕಿ 0.25ಕ್ಕಿಂತ ಕಡಿಮೆಯಾದಾಗ ಸ್ವರ ಹಿಡಿಯಲಿ, 0.40 ದಾಟಿದಾಗ ಬಿಡಲಿ. ಹಿಡಿಯುವುದಕ್ಕೂ ಬಿಡುವುದಕ್ಕೂ ಒಂದೇ ಗಡಿ ಇಟ್ಟರೆ ಬೆರಳು ಗಡಿಯ ಮೇಲೆ ನಿಂತಾಗ ಸ್ವರ ಪಟಪಟನೆ ಹತ್ತಿ ಆರುತ್ತದೆ.

ಈಗ ನಡುಕದ ವಿಷಯ. ಕೈಯನ್ನು ಕಲ್ಲಿನಂತೆ ಹಿಡಿದರೂ ಅಂಕಿಗಳು ಸಣ್ಣಗೆ ಕುಣಿಯುತ್ತಿರುತ್ತವೆ, ಸ್ವರವೂ ಅದರ ಜೊತೆಗೆ ಕಂಪಿಸುತ್ತದೆ. ಸರಾಸರಿ ತೆಗೆದು ನಯ ಮಾಡಿದರೆ ಕುಣಿತ ನಿಲ್ಲುತ್ತದೆ, ಆದರೆ ಕೈ ಬೀಸಿದಾಗ ಸ್ವರ ಹಿಂದುಳಿಯುತ್ತದೆ. ಇದಕ್ಕೆ ಒನ್ ಯೂರೋ ಫಿಲ್ಟರ್ ಎಂಬ ಉಪಾಯವನ್ನು ಕಾಸಿಯೇ, ರೂಸೆಲ್, ಫೋಗೆಲ್ ಎಂಬ ಮೂವರು 2012ರಲ್ಲಿ ಪ್ರಕಟಿಸಿದರು. ಕೈ ನಿಧಾನವಿದ್ದಾಗ ಅದು ಹೆಚ್ಚು ನಯ ಮಾಡುತ್ತದೆ, ವೇಗವಿದ್ದಾಗ ದಾರಿ ಬಿಡುತ್ತದೆ. ಅದರಲ್ಲಿ ಹೊಂದಿಸಬೇಕಾದವು ಎರಡು: ನಿಧಾನ ಕೈಗೆ ಎಷ್ಟು ನಯ ಎಂದು ಹೇಳುವ ಕನಿಷ್ಠ ಕಟ್ಆಫ್, ವೇಗದ ಕೈಗೆ ಎಷ್ಟು ದಾರಿ ಎಂದು ಹೇಳುವ ಬೀಟಾ. ಬೀಟಾವನ್ನು 0 ಮಾಡಿ, ಕೈಯನ್ನು ಅಲುಗಿಸದೆ ಹಿಡಿದು, ನಡುಕ ಕೇಳಿಸದಷ್ಟು ಕೆಳಕ್ಕೆ ಕಟ್ಆಫ್ ಇಳಿಸಿ. ಆಮೇಲೆ ಕೈಯನ್ನು ವೇಗವಾಗಿ ಮೇಲೆ ಕೆಳಗೆ ಆಡಿಸುತ್ತಾ, ಸ್ವರ ಹಿಂದುಳಿಯುವುದು ನಿಲ್ಲುವವರೆಗೆ ಬೀಟಾ ಏರಿಸಿ. ಈ ಕೆಲಸವನ್ನು ಕಣ್ಣಿನಿಂದ ಮಾಡಬೇಡಿ, ಕಿವಿಯಿಂದ ಮಾಡಿ. ತೆರೆಯ ಮೇಲೆ ನೆಟ್ಟಗೆ ಕಾಣುವ ಗೆರೆಯೊಳಗಿನ ಕಂಪನವನ್ನು ಕಿವಿ ಹಿಡಿದುಬಿಡುತ್ತದೆ.

ನಾಲ್ಕನೆಯ ಹಂತ: ಅಂಕಿಗಳನ್ನು ನಾದಕ್ಕೆ ಮುಟ್ಟಿಸುವುದು

ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿಗಳಲ್ಲಿ 1983ರಿಂದ ಬಳಕೆಯಲ್ಲಿರುವ ಮಿಡಿ ಹೆಚ್ಚು ಪರಿಚಿತ. ಅದರ ಸಾಮಾನ್ಯ ನಿಯಂತ್ರಣ ಸಂದೇಶದಲ್ಲಿ ಬೆಲೆಗಳು 0ಯಿಂದ 127ರವರೆಗೆ ಮಾತ್ರ. ಮಂದ್ರ ಪಂಚಮದಿಂದ ತಾರ ಷಡ್ಜದವರೆಗಿನ ಸುಮಾರು 1700 ಸೆಂಟ್‌ಗಳನ್ನು ಅಷ್ಟಕ್ಕೆ ಹಂಚಿದರೆ ಒಂದೊಂದು ಮೆಟ್ಟಿಲು 13 ಸೆಂಟ್ ಆಗುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆದರೆ ಮೆಟ್ಟಿಲು ಇಳಿದಂತೆ ಕೇಳಿಸುತ್ತದೆ. ಬೇರೆ ಸಿಂಥಸೈಸರಿಗೆ ಮಿಡಿಯಲ್ಲಿಯೇ ಕಳಿಸಬೇಕಾದರೆ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಸಂದೇಶ ಬಳಸಿ. ಅದರಲ್ಲಿ 16384 ಮೆಟ್ಟಿಲುಗಳಿವೆ. ವ್ಯಾಪ್ತಿಯನ್ನು ಮೇಲೆ ಕೆಳಗೆ 12 ಅರ್ಧಸ್ವರಗಳಿಗೆ ಹಿಗ್ಗಿಸಿದರೂ ಒಂದು ಮೆಟ್ಟಿಲು 0.15 ಸೆಂಟ್ ಮಾತ್ರ. ಅತ್ತ ಸಿಂಥಸೈಸರಿನಲ್ಲಿಯೂ ಅಷ್ಟೇ ವ್ಯಾಪ್ತಿ ಹೊಂದಿಸಿರಬೇಕು.

ನಮ್ಮ ವಾದ್ಯಕ್ಕೆ ಓಎಸ್‌ಸಿ ಒಳ್ಳೆಯದು. ಬರ್ಕ್‌ಲಿಯ ಸಂಶೋಧಕರು 1997ರಲ್ಲಿ ರೂಪಿಸಿದ, ಓಪನ್ ಸೌಂಡ್ ಕಂಟ್ರೋಲ್ ಎಂಬ ಈ ಪದ್ಧತಿಯಲ್ಲಿ ದಶಮಾಂಶ ಸಂಖ್ಯೆಗಳನ್ನೇ ಹೆಸರು ಹಚ್ಚಿ ಕಳಿಸಬಹುದು. ಪೈಥಾನ್ ಕಡೆಯಿಂದ ಅದೇ ಕಂಪ್ಯೂಟರಿನ 9000ನೇ ಪೋರ್ಟಿಗೆ ಕಳಿಸಿ. ಪ್ಯೂರ್ ಡೇಟಾದಲ್ಲಿ ನೆಟ್‌ರಿಸೀವ್ ಪೆಟ್ಟಿಗೆಯನ್ನು ಯುಡಿಪಿ ಹಾಗೂ ಬೈನರಿ ಆಯ್ಕೆಗಳೊಂದಿಗೆ ತೆರೆದು, ಓಎಸ್‌ಸಿ-ಪಾರ್ಸ್, ಲಿಸ್ಟ್ ಟ್ರಿಮ್, ರೂಟ್ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ. ಕ್ಯಾಮೆರಾ ಅಂಕಿಗಳು ಸೆಕೆಂಡಿಗೆ 30 ಸಲ ಮಾತ್ರ ಬರುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ಲೈನ್ ಪೆಟ್ಟಿಗೆಯ ಮೂಲಕ ಸುಮಾರು 30 ಮಿಲಿಸೆಕೆಂಡಿನಲ್ಲಿ ಜಾರಿಸಿ, ಇಲ್ಲದಿದ್ದರೆ ಚಿಟಚಿಟ ಸದ್ದು ಬರುತ್ತದೆ.

ಐದನೆಯ ಹಂತ: ಸೋರುವ ತಿದಿ

ಇಡೀ ವಾದ್ಯದ ಜೀವ ಇಲ್ಲಿದೆ, ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಪೇಟಿಯ ಹೊರತಿದಿಯ ಹಿಂದೆ ಒಳಗೊಂದು ತಿದಿ ಇರುತ್ತದೆ. ಹೊರಗಿನದು ಗಾಳಿಯನ್ನು ತಳ್ಳುತ್ತದೆ, ಒಳಗಿನದು ಸ್ಪ್ರಿಂಗಿನ ಒತ್ತಡದಲ್ಲಿ ಅದನ್ನು ಕೂಡಿಟ್ಟು ನಿಧಾನವಾಗಿ ಬಿಡುತ್ತದೆ. ಮಾವ ತಿದಿ ಬಿಟ್ಟ ಮೇಲೂ ಸ್ವರ ಸ್ವಲ್ಪ ಹೊತ್ತು ನಿಂತದ್ದು ಆ ಒಳತಿದಿಯಿಂದ. ಸಾಫ್ಟ್‌ವೇರಿನಲ್ಲಿ ಅದನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳಬಹುದು. ಪ್ರತಿ ಚೌಕಟ್ಟಿನಲ್ಲಿಯೂ (ಕ್ಯಾಮೆರಾ ತೆಗೆಯುವ ಒಂದೊಂದು ಚಿತ್ರ, ಅಂದರೆ ಫ್ರೇಮ್) ಆ ಸಂಖ್ಯೆಯನ್ನು 0.98ರಿಂದ ಗುಣಿಸಿ, ಎಡಗೈ ಚಲಿಸಿದ ವೇಗದ ಒಂದಂಶವನ್ನು ಅದಕ್ಕೆ ಕೂಡಿಸಿ, 1ರ ಮೇಲೆ ಹೋಗದಂತೆ ತಡೆಯಿರಿ. ಸೆಕೆಂಡಿಗೆ 30 ಚೌಕಟ್ಟುಗಳಿದ್ದರೆ, ಕೈ ನಿಂತ ಮೇಲೆ ಒತ್ತಡ ಅರ್ಧಕ್ಕೆ ಇಳಿಯಲು 1.1 ಸೆಕೆಂಡ್ ಹಿಡಿಯುತ್ತದೆ. 0.95 ಇಟ್ಟರೆ ಅರ್ಧ ಸೆಕೆಂಡಿಗೂ ಕಡಿಮೆ. ಚುರುಕಾದ ತಾನಗಳಿಗೆ ಇದು ಒಪ್ಪುತ್ತದೆ, ಆಲಾಪಕ್ಕೆ ಮೊದಲನೆಯದು.

ಇಲ್ಲಿ ಎರಡು ಎಚ್ಚರ. ಕ್ಯಾಮೆರಾದ ವೇಗ ಬೆಳಕಿಗೆ ತಕ್ಕಂತೆ ಬದಲಾಗುವುದರಿಂದ ಸೋರಿಕೆಯನ್ನು ಚೌಕಟ್ಟಿನ ಲೆಕ್ಕದಲ್ಲಿ ಬಿಡದೆ ಗಡಿಯಾರದ ಲೆಕ್ಕಕ್ಕೆ ತನ್ನಿ. ಸಂಜೆ ಕತ್ತಲಾದಂತೆ ವಾದ್ಯದ ಉಸಿರು ಉದ್ದವಾಗಬಾರದು. ಎರಡನೆಯದು, ಕೈಯ ಸಹಜ ನಡುಕವೂ ತಿದಿಗೆ ಗಾಳಿ ತುಂಬಬಾರದು. ಒಂದು ಮಿತಿಗಿಂತ ಕಡಿಮೆಯ ವೇಗವನ್ನು ಸೊನ್ನೆಯೆಂದೇ ತಿಳಿಯಿರಿ.

ಇಷ್ಟು ಮಾಡಿ ಮಾವನಿಗೆ ಕೊಟ್ಟೆ. ಹತ್ತು ನಿಮಿಷ ನುಡಿಸಿ ಎಡತೋಳು ಹಿಸುಕಿಕೊಂಡರು. "ರಾತ್ರಿಯಿಡೀ ನಾಟಕಕ್ಕೆ ನುಡಿಸುವವನು ಕೈಯಲ್ಲಿ ತಿದಿ ಹಾಕುತ್ತಾನೆಯೇ? ಕಾಲುಪೇಟಿ ಇರುವುದು ಯಾಕೆ? ಕಾಲಿಗೆ ಕೊಡು" ಎಂದರು. ಗಾಳಿಯಲ್ಲಿ ತೋಳೆತ್ತಿ ಮಾಡುವ ಕೆಲಸ ಬೇಗ ದಣಿಸುತ್ತದೆ ಎಂಬುದು ಸನ್ನೆ ವಿನ್ಯಾಸಕರೆಲ್ಲರಿಗೂ ಗೊತ್ತಿರುವ ತೊಂದರೆ. ಪರಿಹಾರ ಮಾತ್ರ ನಮ್ಮ ನಾಟಕದ ಪೇಟಿಯಲ್ಲೇ ಇತ್ತು.

ಆದ್ದರಿಂದ ತಿದಿಯನ್ನು ಪಾದಕ್ಕೆ ಕಟ್ಟಿ. ಎಂಪಿಯು-6050ರಲ್ಲಿ ತಿರುಗುವ ವೇಗವನ್ನು ಅಳೆಯುವ ಗೈರೋ ಇದೆ. ಹಿಮ್ಮಡಿ ಊರಿ ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಒಂದೇ ಅಕ್ಷದ ಅಂಕಿ ಏರಿಳಿಯುತ್ತದೆ, ಅದರ ಚಿಹ್ನೆ ಬಿಟ್ಟು ಪ್ರಮಾಣವನ್ನಷ್ಟೇ ತಿದಿಗೆ ಕೂಡಿಸಿ. ವ್ಯಾಪ್ತಿಯನ್ನು ಸೆಕೆಂಡಿಗೆ 500 ಡಿಗ್ರಿಗೆ ಹೊಂದಿಸಿ. ಗೈರೋ ಸುಮ್ಮನಿದ್ದಾಗಲೂ ಸೊನ್ನೆ ತೋರಿಸುವುದಿಲ್ಲ. ಶುರುವಿನಲ್ಲಿ ಎರಡು ಸೆಕೆಂಡ್ ಪಾದ ಅಲುಗಿಸದೆ ಕುಳಿತು, ಆ ಸರಾಸರಿಯನ್ನು ಮುಂದಿನ ಎಲ್ಲ ಅಂಕಿಗಳಿಂದ ಕಳೆಯಿರಿ. ಇಎಸ್‌ಪಿ32ರ 21 ಮತ್ತು 22ನೇ ಪಿನ್ನುಗಳಿಗೆ ಸೆನ್ಸರಿನ ಎರಡು ಸಂದೇಶದ ತಂತಿಗಳು, 3.3 ವೋಲ್ಟ್ ಮತ್ತು ಗ್ರೌಂಡಿಗೆ ಉಳಿದೆರಡು. ಸೆಕೆಂಡಿಗೆ 100 ಸಲ ಓಎಸ್‌ಸಿಯಲ್ಲಿ ಕಳಿಸಿದರೆ ಸಾಕು. ಲ್ಯಾಪ್‌ಟಾಪಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಜ್‌ನಲ್ಲಿ ಇಡಿ. ಇಎಸ್‌ಪಿ32ಕ್ಕೆ 5 ಗಿಗಾಹರ್ಟ್ಜ್ ವೈಫೈ ಕಾಣುವುದಿಲ್ಲ. ಪವರ್ ಬ್ಯಾಂಕಿನಿಂದ ನಡೆಸುವುದಾದರೆ ಮೊದಲೇ ಪರೀಕ್ಷಿಸಿ: ತೀರಾ ಕಡಿಮೆ ಕರೆಂಟ್ ಎಳೆಯುವ ಸಾಧನವಿದ್ದರೆ ಹಲವು ಪವರ್ ಬ್ಯಾಂಕುಗಳು ಚಾರ್ಜಿಂಗ್ ಮುಗಿಯಿತೆಂದು ತಾವಾಗಿಯೇ ಆರಿಹೋಗುತ್ತವೆ.

ಸೆನ್ಸರನ್ನು ಕಟ್ಟುವ ಪಟ್ಟಿಗೆ ಬಳ್ಳಾರಿಯಲ್ಲಿ ಹುಡುಕಾಡಬೇಕಾಗಿಲ್ಲ. ಜೀನ್ಸ್ ಹೊಲಿಯುವ ಊರು ಇದು. ಸೊಂಟಪಟ್ಟಿಯ ಒಂದು ತುಂಡು, ಅದರ ಲೋಹದ ಗುಂಡಿ, ಎರಡು ಕಾಜಾ ಸಾಕು. ಡೆನಿಮ್ ಹಿಗ್ಗುವುದಿಲ್ಲ, ಸೆನ್ಸರ್ ಜಾರುವುದಿಲ್ಲ. ಮೊದಲು ಕೈಗವಸನ್ನೂ ಅದರಲ್ಲೇ ಹೊಲಿಸಿದ್ದೆ. ಏಪ್ರಿಲ್ ಬಿಸಿಲಿಗೆ ಕಾಲು ಗಂಟೆಯಲ್ಲಿ ಬೆವರಿನಿಂದ ತೊಯ್ದು ತಂತಿಗಳ ನಡುವೆ ಇಲ್ಲದ ಸಂಪರ್ಕ ಉಂಟಾಯಿತು. ಅಂದಿನಿಂದ ಕೈಗೆ ಏನನ್ನೂ ತೊಡಿಸುವುದಿಲ್ಲ.

ಆರನೆಯ ಹಂತ: ಸ್ವರಕ್ಕೆ ಎಳೆತ, ಮೀಂಡಿಗೆ ಬಿಡುಗಡೆ

ಬಲಗೈಯ ಮೊಣಕೈ ಮೇಜಿನ ಮೇಲೆ ಊರಿರಲಿ. ಅಂಗೈ ಸುಮಾರು 34 ಸೆಂ.ಮೀ. ಏರಿಳಿಯಬಲ್ಲದು. 1700 ಸೆಂಟ್ ಹಂಚಿದರೆ ಒಂದು ಅರ್ಧಸ್ವರಕ್ಕೆ 2 ಸೆಂ.ಮೀ. ಮೊಣಕೈ ಊರಿದ ಕೈ ನೆಟ್ಟಗೆ ಏರದೆ ಕಮಾನಿನಂತೆ ತಿರುಗುವುದರಿಂದ ಮೇಲಿನ ತುದಿಯಲ್ಲಿ ಎತ್ತರ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಬರೀ ಕೆಳತುದಿ ಮೇಲ್ತುದಿ ಗುರುತಿಸದೆ ಮಂದ್ರ ಪಂಚಮ, ಸಾ, ಪಂಚಮ, ತಾರ ಸಾ ಎಂದು ನಾಲ್ಕು ಕಡೆ ಕೈ ನಿಲ್ಲಿಸಿ ದಾಖಲಿಸಿ, ನಡುವಿನದನ್ನು ಲೆಕ್ಕ ತುಂಬಲಿ. ನುಡಿಸುವವರು ಬದಲಾದಾಗಲೆಲ್ಲ ಇದನ್ನು ಹೊಸದಾಗಿ ಮಾಡಬೇಕು. ಅರ್ಧ ನಿಮಿಷದ ಕೆಲಸ.

ಹಾಗೇ ಬಿಟ್ಟರೆ ಶುದ್ಧ ಸ್ವರ ಹಿಡಿಯಲು ವರ್ಷಗಟ್ಟಲೆ ಸಾಧನೆ ಬೇಕು. ಹತ್ತಿರದ ಸ್ವರಕ್ಕೆ ಬೀಗ ಹಾಕಿದರೆ ಮೀಂಡ್ ಸತ್ತುಹೋಗುತ್ತದೆ, ಪೇಟಿಯಲ್ಲಿ ಇಲ್ಲದ್ದನ್ನು ಗಳಿಸುವ ಅವಕಾಶವೂ ಹೋಗುತ್ತದೆ. ನಡುವಿನ ದಾರಿ ಹೀಗಿದೆ. ರಾಗದ ಸ್ವರಗಳ ಪಟ್ಟಿ ಕೊಡಿ; ಭೂಪಾಲಿಗೆ 0, 204, 386, 702, 884 ಸೆಂಟ್. ಕೈ ಯಾವುದಾದರೂ ಸ್ವರದ 60 ಸೆಂಟ್ ಒಳಗೆ ಬಂದು ನಿಧಾನವಾದರೆ, ಸ್ವರಕ್ಕೂ ಕೈಗೂ ಇರುವ ಅಂತರದ ನೂರಕ್ಕೆ 85ರಷ್ಟನ್ನು ವಾದ್ಯವೇ ತುಂಬಿಕೊಡಲಿ. ಕೈ ವೇಗವಾಗಿ ಸರಿಯುವಾಗ ಎಳೆತ ಸೊನ್ನೆಗೆ ಇಳಿಯಲಿ. 60 ಸೆಂಟ್‌ನ ಅಂಚಿನ ಕಡೆಗೆ ಹೋದಂತೆ ಎಳೆತ ಕ್ರಮೇಣ ಕರಗಬೇಕು, ಇಲ್ಲದಿದ್ದರೆ ಗಡಿ ದಾಟುವಾಗ ಸ್ವರ ಜಿಗಿಯುತ್ತದೆ. ಎಳೆತದ ಪ್ರಮಾಣವೂ 80ರಿಂದ 100 ಮಿಲಿಸೆಕೆಂಡ್ ತೆಗೆದುಕೊಂಡು ಬದಲಾಗಲಿ. ಗಾಂಧಾರದಿಂದ ಪಂಚಮಕ್ಕೆ ಕೈ ಜಾರಿಸಿದಾಗ ನಡುವಿನ ಹಾದಿ ಪೂರ್ತಿ ಕೇಳಿಸಿ, ಪಂಚಮದ ಬಳಿ ಕೈ ನಿಧಾನವಾಗುತ್ತಿದ್ದಂತೆ ಸ್ವರ ತಾನಾಗಿ ಒಳಗೆ ಕುಳಿತುಕೊಳ್ಳುತ್ತದೆ. ನೂರಕ್ಕೆ ನೂರರಷ್ಟು ಎಳೆಯಬೇಡಿ. ಉಳಿದ 15ರಲ್ಲಿ ನುಡಿಸುವವರ ಆಂದೋಲನ, ಅಂದರೆ ಸ್ವರದ ನಿಧಾನ ತೂಗಾಟ, ಬದುಕಿರುತ್ತದೆ.

ಮುಟ್ಟಲು ಏನೂ ಇಲ್ಲದ ಕಡೆ ದಾರಿ ತೋರುವುದು ಕಿವಿ. ಸಾ ಪಾ ತಂಬೂರಿಯ ನಾದವನ್ನು ಸದಾ ಕೆಳದನಿಯಲ್ಲಿ ಇಟ್ಟಿರಿ. ತೆರೆಯ ಮೇಲೆ ಸ್ವರಗಳ ಗೆರೆಗಳನ್ನು ತೋರಿಸಬಹುದು, ಆದರೆ ಅದು ಕಲಿಕೆಯ ಮೊದಲ ವಾರಗಳಿಗೆ ಮಾತ್ರ. ಮೇಜಿನ ಅಂಚಿಗೆ ನೆಟ್ಟಗೆ ನಿಲ್ಲಿಸಿದ ಒಂದು ಬಿದಿರ ಕಡ್ಡಿಗೆ ಸಾ ಮತ್ತು ಪಾ ಎತ್ತರದಲ್ಲಿ ಕೆಂಪು ದಾರ ಕಟ್ಟಿದರೆ ಅದೇ ಇನ್ನೂ ಹೆಚ್ಚು ಉಪಕಾರ.

ಬಿಡುವಾಗಿರುವ ಎಡಗೈಗೆ ದನಿಯ ಬಣ್ಣವನ್ನು ಕೊಡಿ. ಅಂಗೈ ಬಿಚ್ಚಿದಷ್ಟೂ ದನಿ ತೆರೆದುಕೊಳ್ಳಲಿ. ಇಂತಹ ಜೋಡಣೆಯನ್ನು ಸೂತ್ರದಲ್ಲಿ ಬರೆಯುವುದು ಕಷ್ಟವೆನಿಸಿದರೆ ರೆಬೆಕಾ ಫೀಬ್ರಿಂಕ್ ರೂಪಿಸಿದ ವೆಕಿನೇಟರ್ ಎಂಬ ಉಚಿತ ತಂತ್ರಾಂಶವಿದೆ. ಈ ಭಂಗಿಗೆ ಈ ದನಿ ಎಂದು ಕೆಲವು ಉದಾಹರಣೆ ತೋರಿಸಿದರೆ ನಡುವಿನದನ್ನು ಅದು ಕಲಿತುಕೊಳ್ಳುತ್ತದೆ, ಓಎಸ್‌ಸಿಯಲ್ಲಿಯೇ ಮಾತಾಡುತ್ತದೆ.

ಏಳನೆಯ ಹಂತ: ತಡವನ್ನು ಅಳೆಯುವುದು

ಸನ್ನೆಗೂ ನಾದಕ್ಕೂ ನಡುವಿನ ತಡ 10 ಮಿಲಿಸೆಕೆಂಡ್ ಮೀರಬಾರದೆಂದು ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್ ಎಂಬ ಸಂಶೋಧಕರು ಸೂಚಿಸಿದ್ದರು. 30 ಚೌಕಟ್ಟಿನ ಕ್ಯಾಮೆರಾದಲ್ಲಿ ಒಂದು ಚೌಕಟ್ಟೇ 33 ಮಿಲಿಸೆಕೆಂಡ್. ಅಂದರೆ ಕ್ಯಾಮೆರಾ ವಾದ್ಯ ಆ ಗುರಿಯನ್ನು ಮುಟ್ಟುವುದೇ ಇಲ್ಲ, ಅದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು. ಜಾರುವ ಸ್ವರ, ತುಂಬುವ ತಿದಿಗಳಲ್ಲಿ ಇಷ್ಟು ತಡ ಬಾಧಿಸುವುದಿಲ್ಲ. ತಬಲಾದ ಪೆಟ್ಟನ್ನು ಮಾತ್ರ ಕ್ಯಾಮೆರಾದಿಂದ ನುಡಿಸಲು ಹೋಗಬೇಡಿ. ಪೆಟ್ಟೇ ಬೇಕಾದರೆ ಗೈರೋ ಬಳಸಿ, ಕೈ ನಿಂತ ಕ್ಷಣವನ್ನು ಕಾಯದೆ ಕೆಳಮುಖದ ವೇಗ ಒಂದು ಮಿತಿ ದಾಟಿದಾಗಲೇ ದನಿ ಹೊರಡಿಸಿ.

ಅಳೆಯುವುದು ಸುಲಭ. ಕೈಯಿಂದ ಮೇಜಿಗೆ ತಟ್ಟಿದಾಗ ಸ್ವರ ಹೊರಡುವಂತೆ ತಾತ್ಕಾಲಿಕವಾಗಿ ಜೋಡಿಸಿ. ಮೊಬೈಲಿನಲ್ಲಿ ತಟ್ಟಿದ ಸದ್ದು, ಸ್ಪೀಕರಿನ ಸ್ವರ ಎರಡನ್ನೂ ಮುದ್ರಿಸಿ, ಆಡಾಸಿಟಿಯಲ್ಲಿ ಎರಡರ ನಡುವಿನ ಅಂತರ ನೋಡಿ. ಇಪ್ಪತ್ತು ಸಲ ತಟ್ಟಿ. ಸರಾಸರಿಗಿಂತಲೂ ಏರುಪೇರು ಮುಖ್ಯ. ತಡ ಒಂದೇ ಸಮವಾಗಿದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಎಂದಿಗೂ ಹೊಂದಿಕೊಳ್ಳುವುದಿಲ್ಲ. ಕಡಿಮೆ ಮಾಡಲು ಸಿಗುವ ದಾರಿಗಳು: 60 ಚೌಕಟ್ಟಿನ ಕ್ಯಾಮೆರಾ, ಹಳೆಯ ಚೌಕಟ್ಟುಗಳನ್ನು ಸಾಲಿನಲ್ಲಿ ಕಾಯಿಸದೆ ಬಿಟ್ಟುಬಿಡುವುದು, ಮತ್ತು ನಾದದ ಬಫರನ್ನು, ಅಂದರೆ ದನಿ ಹೊರಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕನ್ನು, ಚಿಕ್ಕದಾಗಿಸುವುದು. 48 ಕಿಲೋಹರ್ಟ್ಜ್‌ನಲ್ಲಿ 128 ಮಾದರಿಗಳ ಬಫರ್ 2.7 ಮಿಲಿಸೆಕೆಂಡ್, 1024ರದು 21.

ವೇದಿಕೆಗೆ ಹೋಗುವ ಮೊದಲು

ಮನೆಯಲ್ಲಿ ಸರಿಯಾಗಿ ನಡೆದ ವಾದ್ಯ ಹಳ್ಳಿಯೊಂದರ ಜಾತ್ರೆಯ ವೇದಿಕೆಯಲ್ಲಿ ನನ್ನ ಕೈ ಬಿಟ್ಟು ಪಕ್ಕದಲ್ಲಿ ನಿಂತವರ ಕೈಯನ್ನು ಹಿಡಿಯಿತು. ಅವರು ಯಾರನ್ನೋ ಕರೆಯಲು ಕೈ ಬೀಸಿದ್ದಕ್ಕೆ ಸ್ವರ ತಾರಕ್ಕೆ ಹಾರಿತು. ಅಂದಿನಿಂದ ಚಿತ್ರದ ಅಂಚುಗಳನ್ನು ಕತ್ತರಿಸುತ್ತೇನೆ, ಹಿಂದಿನ ಚೌಕಟ್ಟಿನ ಸ್ಥಾನಕ್ಕೆ ಹತ್ತಿರವಿರುವ ಕೈಯನ್ನಷ್ಟೇ ಒಪ್ಪುತ್ತೇನೆ. ಕೈ ಕಾಣದಾದರೆ 150 ಮಿಲಿಸೆಕೆಂಡ್ ಹಳೆಯ ಸ್ವರವನ್ನೇ ಹಿಡಿದು, ಆಮೇಲೆ ತಿದಿಯ ಗಾಳಿ ಬೇಗ ಸೋರುವಂತೆ ಮಾಡಿದ್ದೇನೆ. ದನಿ ತಟ್ಟನೆ ಕತ್ತರಿಸಿದರೆ ಕೇಳುವವರು ಬೆಚ್ಚುತ್ತಾರೆ.

ಬೆಳಕು ಕಡಿಮೆಯಾದರೆ ಕ್ಯಾಮೆರಾ ತಾನಾಗಿ ಚೌಕಟ್ಟುಗಳನ್ನು ಇಳಿಸಿ ತಡವನ್ನು ಹೆಚ್ಚಿಸುತ್ತದೆ. ಸ್ವಯಂಚಾಲಿತ ಎಕ್ಸ್‌ಪೋಷರ್ ಆಫ್ ಮಾಡಿ, ಕೈಯ ಮೇಲೆ ಬೀಳುವಂತೆ ನಿಮ್ಮದೇ ಒಂದು ಬಿಳಿ ದೀಪ ಒಯ್ಯಿರಿ. ಕ್ಯಾಮೆರಾದ ಹೊಂದಿಕೆಯಲ್ಲಿ ವಿದ್ಯುತ್ ಆವರ್ತನವನ್ನು 50 ಹರ್ಟ್ಜ್ ಎಂದಿಡಿ. 60 ಇದ್ದರೆ ನಮ್ಮ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಹರಿಯುತ್ತವೆ. ದೀಪದ ಕೆಳಗೆ ತಿರುಗುವ ಫ್ಯಾನಿನ ನೆರಳು ಕೈಯ ಮೇಲೆ ಹಾಯ್ದರೂ ಬಿಂದುಗಳು ಕುಣಿಯುತ್ತವೆ. ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಎಂದು ಯಾರಿಗೂ ಹೇಳಲಾಗದು. ಫ್ಯಾನ್ ಮತ್ತು ದೀಪದ ನಡುವಿನ ಗೆರೆಯಿಂದ ಮೇಜನ್ನು ಪಕ್ಕಕ್ಕೆ ಸರಿಸಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ದೀಪಕ್ಕೂ ಬ್ಯಾಟರಿ ಇರಲಿ.

ಇಷ್ಟಾದ ಮೇಲೆ ಒಂದು ತಿಂಗಳು ಯಾವ ಅಂಕಿಯನ್ನೂ ಬದಲಿಸಬೇಡಿ. ದಿನಕ್ಕೊಂದು ಹೊಸ ಜೋಡಣೆ ಮಾಡುತ್ತಿದ್ದರೆ ಕೈಗೆ ಏನೂ ಅಂಟುವುದಿಲ್ಲ. ತಿಂಗಳ ಕೊನೆಗೆ ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಟವೆಲ್ ಹೊದಿಸಿ ನುಡಿಸಿ ನೋಡಿ. ಮಾವ ಹಾಗೆ ಕುಳಿತ ದಿನ ಕಣ್ಣು ಮುಚ್ಚಿ ಮಂದ್ರ ಪಂಚಮದಿಂದ ಸಾ ವರೆಗೆ ಒಂದು ಉದ್ದನೆಯ ಮೀಂಡ್ ಎಳೆದರು. ಸಾ ಮೇಲೆ ಕೈ ನಿಂತಿತು, ಪಾದ ನಿಂತಿತು, ದನಿ ತೆಳುವಾಗುತ್ತಾ ಹೋಯಿತು. ಅದು ಪೂರ್ತಿ ಆರುವವರೆಗೂ ಅವರು ಕಣ್ಣು ತೆರೆಯಲಿಲ್ಲ.